ವಿಂಡೋಸ್ 10ರ ಅವಧಿ ಮುಗಿದಿದೆ: ನಮ್ಮ ಗಣಕಗಳಿಗೆ ಮುಂದಿನ ದಾರಿ ಯಾವುದು?

ಭಟ್ಕಳ, ಹೊನ್ನಾವರ, ಕುಮಟಾದ ಅಂಗಡಿ, ಕಚೇರಿ, ಮನೆಗಳಿಗೆ ಒಂದು ಮಾರ್ಗಸೂಚಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. 2015ರ ಜುಲೈನಲ್ಲಿ ಬಂದ ಈ ವ್ಯವಸ್ಥೆ ಹತ್ತು ವರ್ಷ ನಮ್ಮ ಪೇಟೆಗಳ ಡಿಟಿಪಿ ಸೆಂಟರು, ಜೆರಾಕ್ಸ್ ಅಂಗಡಿ, ಸೊಸೈಟಿ ಕಚೇರಿ, ಅಡಿಕೆ ವಖಾರಿಗಳ ಕೆಲಸ ನಡೆಸಿಕೊಟ್ಟಿದೆ. ಈಗ ಎಲ್ಲ ಕಡೆ ಒಂದೇ ಚರ್ಚೆ. ಹನ್ನೊಂದು ಹಾಕಿಸುವುದೋ, ಹತ್ತರಲ್ಲೇ ಇರುವುದೋ, ಲಿನಕ್ಸ್‌ಗೆ ಹೋಗುವುದೋ? ಹೊಸದು ಚಂದ ಇದೆ, ಭದ್ರತೆ ಹೆಚ್ಚು ಎಂದು ಕೆಲವರು ಹೇಳುತ್ತಾರೆ. ಹಳೆಯದೇ ಅಡ್ಡಿಯಿಲ್ಲ, ಹೊಸದರಲ್ಲಿ ಪ್ರಿಂಟರ್ ಕೈಕೊಡುತ್ತದೆ, ಕನ್ನಡದ ನುಡಿ ತಂತ್ರಾಂಶ ಸರಿಯಾಗಿ ಓಡುವುದಿಲ್ಲ ಎಂದು ಇನ್ನು ಕೆಲವರು ಹಟ ಹಿಡಿಯುತ್ತಾರೆ.

ಎರಡೂ ಮಾತಿನಲ್ಲಿ ಹುರುಳಿದೆ. ಲೆಕ್ಕ ಬರೆಯುವ ಗಣಕ, ಲಗ್ನಪತ್ರಿಕೆ ಮಾಡುವ ಗಣಕ, ಮಕ್ಕಳು ಓದುವ ಗಣಕ ಇವು ಮೂರರ ಅಗತ್ಯ ಮೂರು ಬಗೆ. ಆದ್ದರಿಂದ ವ್ಯವಸ್ಥೆಯನ್ನು ಅದರ ಹೊಸತನ ನೋಡಿ ಆರಿಸಬಾರದು, ಆ ಗಣಕ ಮಾಡುವ ಕೆಲಸ ನೋಡಿ ಆರಿಸಬೇಕು. ಇದರ ಜೊತೆಗೆ, ಈ ಚರ್ಚೆಯಲ್ಲಿ ಯಾರೂ ಅಷ್ಟಾಗಿ ಎತ್ತದ ಒಂದು ಪ್ರಶ್ನೆಯಿದೆ. ನಮ್ಮ ಕನ್ನಡ ಫೈಲುಗಳು ಯಾವ ರೂಪದಲ್ಲಿವೆ? ಅದಕ್ಕೆ ಉತ್ತರ ಕಂಡುಕೊಂಡರೆ ಉಳಿದ ತೀರ್ಮಾನ ಸಲೀಸಾಗುತ್ತದೆ.

ಹತ್ತರಲ್ಲೇ ಇದ್ದರೆ ಏನಾಗುತ್ತದೆ?

ಗಣಕ ನಿಲ್ಲುವುದಿಲ್ಲ. ನಾಳೆಯೂ ಆನ್ ಆಗುತ್ತದೆ, ಪ್ರಿಂಟ್ ಕೊಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ತೇಪೆ ಸಿಗುವುದಿಲ್ಲ. ಇಂಟರ್ನೆಟ್ ಇಲ್ಲದೆ ಬರೀ ಪ್ರಿಂಟಿಗೆ ಇಟ್ಟ ಯಂತ್ರಕ್ಕೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ರಿಟರ್ನ್, ಗ್ರಾಹಕರ ಆಧಾರ್ ಪ್ರತಿ ಇವೆಲ್ಲ ಹಾದುಹೋಗುವ ಯಂತ್ರಕ್ಕೆ ಅಪಾಯ ನಿಜ. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳನ್ನು ದಿನವಿಡೀ ಚುಚ್ಚಿಸಿಕೊಳ್ಳುವ ಜೆರಾಕ್ಸ್ ಅಂಗಡಿಯ ಗಣಕಕ್ಕೆ ಅಪಾಯ ಎಲ್ಲಕ್ಕಿಂತ ಹೆಚ್ಚು.

ಮುಂದೆ ಏನಾಗಬಹುದು ಎಂಬುದಕ್ಕೆ ವಿಂಡೋಸ್ 7ರ ಉದಾಹರಣೆ ಇದೆ. ಅದರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಆದರೂ ಬಹಳ ಜನ ಅದನ್ನೇ ಬಳಸಿದರು. 2023ರ ಆರಂಭದಲ್ಲಿ ಕ್ರೋಮ್ ಬ್ರೌಸರ್ ಕೂಡ ಅದರಿಂದ ಕೈತೆಗೆಯಿತು. 109ನೇ ಆವೃತ್ತಿಯೇ ಕೊನೆಯದು. ನಮ್ಮ ಹೆಚ್ಚಿನ ಕೆಲಸ ಈಗ ಬ್ರೌಸರಿನಲ್ಲೇ ನಡೆಯುವುದರಿಂದ, ಬ್ರೌಸರ್ ಹಳೆಯದಾದ ದಿನವೇ ಗಣಕವೂ ಹಳೆಯದಾಗುತ್ತದೆ. ಹತ್ತರ ಬಳಕೆದಾರರಿಗೂ ಆ ದಿನ ಬಂದೇ ಬರುತ್ತದೆ.

ಕೂಡಲೇ ಬದಲಿಸಲಾಗದವರಿಗೆ ಒಂದು ಕಾಲಾವಕಾಶ ಉಂಟು. ಮನೆ ಬಳಕೆಯ ಗಣಕಗಳಿಗೆ ಭದ್ರತಾ ಅಪ್‌ಡೇಟನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಇಎಸ್‌ಯು ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಗಣಕದ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿಕೊಂಡರೆ ಇದು ಉಚಿತ. ಇಲ್ಲವಾದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ಗಣಕದಲ್ಲಿ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ನೋಂದಣಿಯ ಕೊಂಡಿ ಸಿಗುತ್ತದೆ. ಸಂಸ್ಥೆಗಳಿಗೆ ದರ ಬೇರೆ: ಮೊದಲ ವರ್ಷ ಗಣಕವೊಂದಕ್ಕೆ 61 ಡಾಲರ್, ಮುಂದಿನ ಪ್ರತಿ ವರ್ಷ ಅದರ ಇಮ್ಮಡಿ, ಒಟ್ಟು ಮೂರು ವರ್ಷ. ಈ ಅವಕಾಶವನ್ನು ತಯಾರಿಗೆ ಬಳಸಿಕೊಳ್ಳಿ, ಮುಂದೂಡುವುದಕ್ಕಲ್ಲ.

ವಿಂಡೋಸ್ 11ರ ಒಳಿತು, ಕೆಡುಕು

2021ರ ಅಕ್ಟೋಬರ್ 5ಕ್ಕೆ ಬಂದ ಹನ್ನೊಂದರ ದೊಡ್ಡ ಗುಣ ಅದರ ಭದ್ರತೆ. ಬೋರ್ಡಿನಲ್ಲಿರುವ ಟಿಪಿಎಂ ಎಂಬ ಭದ್ರತಾ ಚಿಪ್ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ ಎರಡನ್ನೂ ಅದು ಕಡ್ಡಾಯ ಮಾಡಿದೆ. ವಿಂಡೋಸ್ ಶುರುವಾಗುವ ಮೊದಲೇ ಒಳನುಗ್ಗುವ ವೈರಸ್‌ಗಳಿಗೆ ಇದರಿಂದ ತಡೆ ಬೀಳುತ್ತದೆ. ಎರಡು ಕಿಟಕಿಗಳನ್ನು ಅಕ್ಕಪಕ್ಕ ಜೋಡಿಸುವುದು ಹತ್ತಕ್ಕಿಂತ ಸುಲಭವಾಗಿದೆ. ಒಂದು ಕಡೆ ಹಸ್ತಪ್ರತಿಯ ಸ್ಕ್ಯಾನ್, ಇನ್ನೊಂದು ಕಡೆ ಟೈಪಿಂಗ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು ನಿಜವಾದ ಅನುಕೂಲ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಬ್ರೌಸರಿನಂತೆ ಟ್ಯಾಬ್‌ಗಳು ಬಂದಿವೆ. ಅಸಲಿ ವಿಂಡೋಸ್ 10 ಇದ್ದು, ಯಂತ್ರ ಅರ್ಹವಾಗಿದ್ದರೆ ಹನ್ನೊಂದಕ್ಕೆ ಹಣ ಕೊಡಬೇಕಿಲ್ಲ.

ದೂರುಗಳೂ ಸುಳ್ಳಲ್ಲ. ಟಾಸ್ಕ್‌ಬಾರನ್ನು ಪರದೆಯ ಪಕ್ಕಕ್ಕೋ ಮೇಲಕ್ಕೋ ಸರಿಸುವ ಹಳೆಯ ಸೌಲಭ್ಯ ಬಿಡುಗಡೆಯಲ್ಲೇ ಕೈಬಿಟ್ಟುಹೋಯಿತು. ಬಲ ಗುಂಡಿ ಒತ್ತಿದಾಗ ಬರುತ್ತಿದ್ದ ಪಟ್ಟಿ ಮೊಟಕಾಗಿ, ಬೇಕಾದ ಆಯ್ಕೆಗೆ ಇನ್ನೊಂದು ಕ್ಲಿಕ್ ಬೇಕಾಗಿದೆ. ಹೋಮ್ ಆವೃತ್ತಿಯನ್ನು ಹೊಸದಾಗಿ ಹಾಕುವಾಗ ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಎರಡನ್ನೂ ಕೇಳುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಕೇಳದ ಶಿಫಾರಸುಗಳು ಬರುತ್ತವೆ. ಇವನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಬಹುದು. ಕಂಪನಿ ಹೇಳುವ ಕನಿಷ್ಠ 4 ಜಿಬಿ ರ‍್ಯಾಮ್ ನೆಮ್ಮದಿಯ ಕೆಲಸಕ್ಕೆ ಸಾಲದು, 8 ಜಿಬಿ ಇರಲಿ. ಹಳೆಯ ಹಾರ್ಡ್‌ಡಿಸ್ಕ್ ಮೇಲೆ ಹನ್ನೊಂದು ತೆವಳುತ್ತದೆ, ಎಸ್‌ಎಸ್‌ಡಿ ಹಾಕಿಸಲೇಬೇಕು.

ಹನ್ನೊಂದು 64 ಬಿಟ್‌ನಲ್ಲಿ ಮಾತ್ರ ಬರುವುದರಿಂದ ಡಾಸ್ ಕಾಲದ ಫಾಕ್ಸ್‌ಪ್ರೊ ಮಾದರಿಯ ಲೆಕ್ಕದ ತಂತ್ರಾಂಶಗಳು ನೇರವಾಗಿ ಓಡುವುದಿಲ್ಲ. ಹಳೆಯ ಸದಸ್ಯರ ಖಾತೆಗಳನ್ನು ಇನ್ನೂ ಅಂಥದ್ದರಲ್ಲೇ ಇಟ್ಟಿರುವ ಸೊಸೈಟಿಗಳು ಬದಲಾವಣೆಗೆ ಮೊದಲು ಆ ದಾಖಲೆಗಳನ್ನು ಹೊರತೆಗೆದು ಎಕ್ಸೆಲ್‌ಗೆ ತಂದುಕೊಳ್ಳಬೇಕು.

ನಿಮ್ಮ ಯಂತ್ರಕ್ಕೆ ಅರ್ಹತೆ ಇದೆಯೆ?

ಪ್ರೊಸೆಸರ್ ಹೆಸರು ನೋಡಿ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಕೋರ್ ಐ5-8400 ಎಂದಿದ್ದರೆ ಗೆರೆಯ ನಂತರದ ಮೊದಲ ಅಂಕಿ 8, ಅಂದರೆ ಎಂಟನೇ ತಲೆಮಾರು, ನಡೆಯುತ್ತದೆ. ಐ5-7400 ಎಂದಿದ್ದರೆ ಇಲ್ಲ. ಐ3-10100ರಂತೆ ಐದು ಅಂಕಿಗಳಿದ್ದರೆ ಮೊದಲ ಎರಡು ಅಂಕಿ ತಲೆಮಾರನ್ನು ಹೇಳುತ್ತವೆ. ಎಎಂಡಿ ಆದರೆ ಸಾಮಾನ್ಯವಾಗಿ ರೈಜನ್ 2000 ಸರಣಿಯಿಂದ ಮೇಲಿನವು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಇಷ್ಟನ್ನೂ ಪರೀಕ್ಷಿಸಿ ಉತ್ತರ ಕೊಡುತ್ತದೆ.

ಪ್ರೊಸೆಸರ್ ಸರಿಯಿದ್ದು ಟಿಪಿಎಂ ಇಲ್ಲ ಎಂದು ಬಂದರೆ ಹೊಸ ಗಣಕಕ್ಕೆ ಓಡಬೇಡಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಅದು ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಿ. ಡಿಸ್ಕ್ ಹಳೆಯ ಎಂಬಿಆರ್ ರೀತಿಯಲ್ಲಿ ವಿಭಾಗವಾಗಿದ್ದರೆ ಜಿಪಿಟಿಗೆ ಬದಲಿಸಬೇಕಾಗುತ್ತದೆ. ಈ ಕೆಲಸವನ್ನು ಬ್ಯಾಕಪ್ ಇಲ್ಲದೆ ಯಾರಿಗೂ ಮಾಡಗೊಡಬೇಡಿ.

ಅರ್ಹತೆ ಇಲ್ಲದ ಯಂತ್ರಕ್ಕೂ ಅಡ್ಡದಾರಿಯಿಂದ ಹನ್ನೊಂದು ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಭದ್ರತೆಗಾಗಿ ಬದಲಿಸಿ, ಭದ್ರತೆಯನ್ನೇ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್‌ಗೂ ಇದೇ ಮಾತು. ಅದರ ಕೀಲಿ ಒಡೆಯುವ ತಂತ್ರಾಂಶದೊಳಗೇ ವೈರಸ್ ಕೂತಿರಬಹುದು.

ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಮೊದಲನೆಯದು, ಮೈಕ್ರೋಸಾಫ್ಟ್ ಖಾತೆಯನ್ನು ಅಂಗಡಿಯ ಯಜಮಾನರ ಹೆಸರು ಮತ್ತು ಮೊಬೈಲ್ ನಂಬರಿನಲ್ಲೇ ತೆರೆಯಿರಿ. ಹಾಕಿಕೊಟ್ಟ ಮೆಕ್ಯಾನಿಕ್‌ನ ಖಾತೆ ಉಳಿದುಬಿಟ್ಟರೆ ಮುಂದೆ ತೊಂದರೆ ನಿಮಗೇ. ಎರಡನೆಯದು, 24ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಬಹುದು. ಬೋರ್ಡ್ ಕೆಟ್ಟು ಬದಲಿಸಿದಾಗ ಗಣಕ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿನ ಫೈಲುಗಳು ಸಿಗುವುದಿಲ್ಲ. ಕಡಲ ಉಪ್ಪುಗಾಳಿ, ಮಳೆಗಾಲದ ತೇವ, ಕರೆಂಟಿನ ಏರುಪೇರು ಇರುವ ನಮ್ಮೂರುಗಳಲ್ಲಿ ಬೋರ್ಡ್ ಕೆಡುವುದು ಅಪರೂಪವಲ್ಲ. ಆ ಕೀಯನ್ನು ಖಾತೆಯ ಪುಟದಿಂದ ತೆಗೆದು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಲಿನಕ್ಸ್ ಯಾರಿಗೆ ಒಪ್ಪುತ್ತದೆ?

ಆರನೇ, ಏಳನೇ ತಲೆಮಾರಿನ ಗಣಕ ಇದ್ದು, ಅದಿನ್ನೂ ಗಟ್ಟಿಯಾಗಿದ್ದರೆ ಎಸೆಯಬೇಡಿ. ಲಿನಕ್ಸ್‌ನ ರೂಪಗಳಾದ ಮಿಂಟ್, ಉಬುಂಟು, ಜೋರಿನ್ ಇವು ಉಚಿತ, ಕಾನೂನುಬದ್ಧ. ಜೋರಿನ್‌ನ 18ನೇ ಆವೃತ್ತಿಯನ್ನು ವಿಂಡೋಸ್ 10ರ ಕೊನೆಯ ದಿನವಾದ 2025ರ ಅಕ್ಟೋಬರ್ 14ರಂದೇ ಬಿಡುಗಡೆ ಮಾಡಿದರು. ವಿಂಡೋಸ್ ರೂಢಿಯಾದವರಿಗೆ ಮಿಂಟ್‌ನ ಮೆನು ಬೇಗ ಹಿಡಿಸುತ್ತದೆ. ಅದಕ್ಕೆ ಕನಿಷ್ಠ 2 ಜಿಬಿ, ಸಲೀಸಾದ ಕೆಲಸಕ್ಕೆ 4 ಜಿಬಿ ರ‍್ಯಾಮ್ ಸಾಕು. 2024ರಲ್ಲಿ ಬಂದ ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಉಂಟು. ನಮ್ಮ ದೇಶದ ಸಿ-ಡ್ಯಾಕ್ ರೂಪಿಸಿದ ಬಾಸ್ ಕೂಡ ಲಿನಕ್ಸೇ.

ಲಿನಕ್ಸ್ ಕಲಿಯುವುದು ಕಷ್ಟ ಎಂಬ ಮಾತಿಗೆ ನೆರೆಯ ಕೇರಳ ಉತ್ತರ ಕೊಟ್ಟಿದೆ. ಅಲ್ಲಿನ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸ್‌ನಲ್ಲೇ ಗಣಕ ಪಾಠ ಮಾಡುತ್ತಿವೆ. ಇದಕ್ಕೆ ಬೇಕಾದ ಆವೃತ್ತಿಯನ್ನು ಆ ರಾಜ್ಯದ ಶಾಲಾ ತಂತ್ರಜ್ಞಾನದ ಕೈಟ್ ಸಂಸ್ಥೆ ತಾನೇ ಸಿದ್ಧಪಡಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಸಾಧ್ಯವಾದದ್ದು ಹೊನ್ನಾವರ, ಕುಮಟಾದ ಶಾಲೆಗಳಿಗೂ ಸಾಧ್ಯ.

ಮಿತಿಗಳನ್ನೂ ತಿಳಿದಿರಬೇಕು. ಟ್ಯಾಲಿ, ಫೋಟೋಶಾಪ್, ಕೋರೆಲ್‌ಡ್ರಾ, ಪೇಜ್‌ಮೇಕರ್ ಲಿನಕ್ಸ್‌ಗೆ ಬರುವುದಿಲ್ಲ. ಬೆರಳಚ್ಚು ಯಂತ್ರ ಬಳಸುವ ಸೇವಾ ಕೇಂದ್ರಗಳು ವಿಂಡೋಸ್‌ನಲ್ಲೇ ಇರುವುದು ಕ್ಷೇಮ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಪರೀಕ್ಷೆ ಮಾಡದೆ ಬದಲಿಸಬಾರದು. ಪ್ರಿಂಟರಿನಲ್ಲಿ ಎಚ್‌ಪಿ ಕಂಪನಿಯ ಹೆಚ್ಚಿನ ಮಾದರಿಗಳು ಸಲೀಸಾಗಿ ಓಡುತ್ತವೆ. ಅಂಗಡಿಗಳಲ್ಲಿ ಬಹಳ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ತಾಳ್ಮೆ ಬೇಡುತ್ತದೆ.

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ, ಗಣಕಕ್ಕೆ ಹಾಕದೆಯೇ ನೋಡಬಹುದು. 8 ಜಿಬಿ ಪೆನ್‌ಡ್ರೈವಿಗೆ ಮಿಂಟ್‌ನ ಐಎಸ್ಒ ಫೈಲನ್ನು ರೂಫಸ್ ತಂತ್ರಾಂಶದಿಂದ ಇಳಿಸಿ, ಗಣಕವನ್ನು ಅದರಿಂದ ಶುರುಮಾಡಿ. ಹಳೆಯ ವಿಂಡೋಸ್ ಇದ್ದ ಹಾಗೆಯೇ ಇರುತ್ತದೆ. ಒಂದು ದಿನ ಇಟ್ಟುಕೊಂಡು ವೈಫೈ, ಪ್ರಿಂಟರ್, ಸ್ಕ್ಯಾನರ್, ಬ್ಯಾಂಕಿನ ಜಾಲತಾಣ ಎಲ್ಲವನ್ನೂ ಪರೀಕ್ಷಿಸಿ. ಹಿಡಿಸದಿದ್ದರೆ ಪೆನ್‌ಡ್ರೈವ್ ತೆಗೆದರೆ ಆಯಿತು.

ಕನ್ನಡ ಫೈಲುಗಳ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಡಿಟಿಪಿ ಸೆಂಟರುಗಳಲ್ಲಿ ಯಕ್ಷಗಾನದ ಹ್ಯಾಂಡ್‌ಬಿಲ್, ಲಗ್ನಪತ್ರಿಕೆ, ದೇವಸ್ಥಾನದ ವರ್ಧಂತಿಯ ಆಮಂತ್ರಣ, ಸೊಸೈಟಿಯ ವಾರ್ಷಿಕ ವರದಿ, ಸ್ಮರಣ ಸಂಚಿಕೆ ಹೀಗೆ ವರ್ಷಗಟ್ಟಲೆಯ ಕೆಲಸ ಕೂಡಿಬಿದ್ದಿದೆ. ಹೆಚ್ಚಿನದು ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಈ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಗಣಕದ ಪಾಲಿಗೆ ಆ ಫೈಲಿನಲ್ಲಿ ಕನ್ನಡವೇ ಇಲ್ಲ. ಫಾಂಟ್ ತೆಗೆದರೆ ಉಳಿಯುವುದು ಚಿಹ್ನೆಗಳ ಗೋಜಲು. ಪೇಜ್‌ಮೇಕರ್ ಕೂಡ 2001ರ 7ನೇ ಆವೃತ್ತಿಯ ನಂತರ ಬೆಳೆಯಲಿಲ್ಲ, ಅಕ್ಷರಗಳ ಜಾಗತಿಕ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಅದಕ್ಕೆ ತಿಳಿಯದು.

ಹೊಸ ವ್ಯವಸ್ಥೆಯಲ್ಲಿ ನುಡಿ ಕೈಕೊಡುತ್ತದೆ ಎಂಬ ಭಯದ ಮೂಲ ಇಲ್ಲಿದೆ. ತೊಡಕು ಹನ್ನೊಂದರದ್ದಲ್ಲ, ಲಿನಕ್ಸ್‌ನದ್ದೂ ಅಲ್ಲ. ಫೈಲು ಒಂದು ಫಾಂಟಿಗೆ, ಒಂದು ತಂತ್ರಾಂಶಕ್ಕೆ ಕಟ್ಟುಬಿದ್ದಿದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಮೂಲ ಅಕ್ಷರಕ್ಕೂ ಚಿಹ್ನೆಗೂ ತನ್ನದೇ ಸಂಖ್ಯೆಯಿದೆ. ಹಾಗಾಗಿ ಯೂನಿಕೋಡ್ ಪಠ್ಯ ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲ ಕಡೆ ಒಂದೇ ರೀತಿ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ.

ನಿಮ್ಮ ಫೈಲು ಯಾವುದು ಎಂದು ತಿಳಿಯಲು ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಗೋಜಲು ಬಂದರೆ ಹಳೆಯ ಫಾಂಟ್. ಯೂನಿಕೋಡ್‌ಗೆ ಪರಿವರ್ತಿಸಲು ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಕರಡು ತಿದ್ದದೆ ಮುದ್ರಣಕ್ಕೆ ಕಳಿಸಬೇಡಿ. ಅರ್ಕಾವೊತ್ತು, ಎರಡು ಒತ್ತಕ್ಷರ ಕೂಡಿದ ಪದಗಳು, ಅಂಕಿಗಳು ಮತ್ತು ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಹೆಚ್ಚಾಗಿ ತಪ್ಪುವುದುಂಟು. ಎಲ್ಲವನ್ನೂ ಒಮ್ಮೆಲೇ ಮಾಡಬೇಕೆಂದಿಲ್ಲ. ಪ್ರತಿ ವರ್ಷ ಮರುಮುದ್ರಣವಾಗುವ ಪಂಚಾಂಗ, ವರದಿ, ಸದಸ್ಯರ ಪಟ್ಟಿಗಳಿಂದ ಶುರುಮಾಡಿ. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಲಿನಕ್ಸ್‌ನಲ್ಲಿ ಉಚಿತವಾದ ಸ್ಕ್ರೈಬಸ್, ಇಂಕ್‌ಸ್ಕೇಪ್ ಇವೆ.

ಬೆರಳಿನ ರೂಢಿ ಬಿಡಬೇಕಾಗುತ್ತದೆಂಬ ಚಿಂತೆಯೂ ಬೇಡ. ನುಡಿಯಲ್ಲಿ ಬಳಸುವ ಕೀಲಿಮಣೆ ವಿನ್ಯಾಸದ ಹಿಂದೆ ಇರುವುದು ನಮ್ಮ ಕರಾವಳಿಯವರೇ ಆದ, ಕಿನ್ನಿಕಂಬಳದ ಕೆ.ಪಿ. ರಾವ್ ಅವರ ದುಡಿಮೆ. ಆ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಲಿನಕ್ಸ್‌ನೊಳಗೇ ಸೇರಿದೆ. ಕೀಲಿಮಣೆ ಸೆಟ್ಟಿಂಗ್‌ಗೆ ಹೋಗಿ ಭಾರತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಗಪ ಆರಿಸಿದರೆ ಬೇರೆ ತಂತ್ರಾಂಶ ಬೇಡ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕೀಲಿಮಣೆಗಳು ಒಳಗೇ ಇವೆ. ನುಡಿ ರೂಢಿಯವರು ನುಡಿಯನ್ನು ಯೂನಿಕೋಡ್ ಆಯ್ಕೆಯಲ್ಲಿಟ್ಟು ಬಳಸಲಿ.

ಭಟ್ಕಳದ ಅಚ್ಚಿನ ಕೆಲಸಕ್ಕೆ ಇನ್ನೊಂದು ಲಿಪಿಯೂ ಬೇಕು. ಅಲ್ಲಿ ಕನ್ನಡದ ಜೊತೆಗೆ ಉರ್ದು ಮತ್ತು ನವಾಯತಿಯಲ್ಲೂ ಆಮಂತ್ರಣಗಳು ಅಚ್ಚಾಗುತ್ತವೆ. ಉರ್ದುವಿಗೆ ಬಳಕೆಯಲ್ಲಿರುವ ಇನ್‌ಪೇಜ್ 1994ರಲ್ಲಿ ಮೊದಲು ಬಂದ ವಿಂಡೋಸ್ ತಂತ್ರಾಂಶ. ಅದನ್ನೇ ನಂಬಿದವರು ವಿಂಡೋಸ್‌ನಲ್ಲೇ ಇರಿ, ಹೊಸ ಕೆಲಸಗಳನ್ನಾದರೂ ಯೂನಿಕೋಡ್‌ನ ನಸ್ತಾಲಿಕ್ ಫಾಂಟುಗಳಲ್ಲಿ ಮಾಡುತ್ತ ಬನ್ನಿ. ಉಚಿತವಾಗಿ ಸಿಗುವ ನೋಟೋ ನಸ್ತಾಲಿಕ್ ಎಲ್ಲ ವ್ಯವಸ್ಥೆಗಳಲ್ಲೂ ಓಡುತ್ತದೆ.

ಯಾರಿಗೆ ಯಾವುದು?

ಟ್ಯಾಲಿ ಬಳಸುವ ವ್ಯಾಪಾರಿಗಳು, ಲೆಕ್ಕಪತ್ರದವರು, ಸೇವಾ ಕೇಂದ್ರಗಳು: ವಿಂಡೋಸ್ 11. ಯಂತ್ರ ಅರ್ಹವಲ್ಲದಿದ್ದರೆ ಹೊಸ ಯಂತ್ರಕ್ಕೆ ಈಗಿನಿಂದಲೇ ಹಣ ತೆಗೆದಿಡಿ.

ಡಿಟಿಪಿ ಸೆಂಟರುಗಳು: ಹೊಸ ಕೆಲಸಕ್ಕೆ ವಿಂಡೋಸ್ 11. ಹಳೆಯ ಪೇಜ್‌ಮೇಕರ್ ಫೈಲುಗಳಿಗಾಗಿ ಈಗಿನ ಹತ್ತರ ಯಂತ್ರವನ್ನು ಇಂಟರ್ನೆಟ್ ತೆಗೆದು ಹಾಗೆಯೇ ಇಟ್ಟುಕೊಳ್ಳಿ.

ಶಾಲೆ, ಗ್ರಂಥಾಲಯ, ವಿದ್ಯಾರ್ಥಿಗಳ ಮನೆ: ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್. ಓದು, ಬರಹ, ವಿಡಿಯೋ ಪಾಠ, ಲಿಬ್ರೆ ಆಫೀಸಿಗೆ ಧಾರಾಳ ಸಾಕು.

ಗಲ್ಫಿನಲ್ಲಿರುವ ಮಕ್ಕಳೊಂದಿಗೆ ವಿಡಿಯೋ ಕರೆ, ಸುದ್ದಿ, ಬ್ಯಾಂಕ್ ಇಷ್ಟಕ್ಕೇ ಗಣಕ ಬಳಸುವ ಹಿರಿಯರು: ಯಂತ್ರ ಹಳೆಯದಾದರೆ ಮಿಂಟ್, ಹೊಸದಾದರೆ ಅದರಲ್ಲಿ ಬಂದ ಹನ್ನೊಂದು.

ಬದಲಿಸುವ ಮೊದಲು

1. ಗಣಕದಲ್ಲಿ ನಿತ್ಯ ಮಾಡುವ ಕೆಲಸ, ಬಳಸುವ ತಂತ್ರಾಂಶ, ಪ್ರಿಂಟರ್ ಮಾದರಿ ಎಲ್ಲವನ್ನೂ ಬರೆದುಕೊಳ್ಳಿ.
2. ಫೈಲುಗಳನ್ನು ಎರಡು ಕಡೆ ಬ್ಯಾಕಪ್ ಮಾಡಿ. ಒಂದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಅಥವಾ ಕ್ಲೌಡ್‌ನಲ್ಲಿ. ನೆರೆ, ಸಿಡಿಲಿನ ನಾಡಿನಲ್ಲಿ ಒಂದೇ ಕಡೆ ಇಟ್ಟದ್ದು ಬ್ಯಾಕಪ್ ಅಲ್ಲ. ಕಾಪಿಯಾದ ಫೈಲುಗಳನ್ನು ತೆರೆದು ನೋಡಿ.
3. ಫಾಂಟ್ ಫೋಲ್ಡರು, ಬ್ರೌಸರಿನ ಪಾಸ್‌ವರ್ಡ್, ಟ್ಯಾಲಿಯ ಡೇಟಾ ಫೋಲ್ಡರು ಇವನ್ನು ಮರೆಯಬೇಡಿ. ಫಾರ್ಮ್ಯಾಟ್ ಮಾಡುವಾಗ ಹೆಚ್ಚಾಗಿ ಕಳೆದುಹೋಗುವುದು ಇವೇ.
4. ಮಾರ್ಚ್ ಕೊನೆ, ಮದುವೆಯ ಹಂಗಾಮು, ಜಿಎಸ್‌ಟಿ ರಿಟರ್ನ್‌ನ ಕೊನೆಯ ವಾರದಲ್ಲಿ ಬದಲಾವಣೆಗೆ ಕೈಹಾಕಬೇಡಿ. ಯುಪಿಎಸ್ ಇಲ್ಲದೆಯೂ ಶುರುಮಾಡಬೇಡಿ.
5. ಹತ್ತರಿಂದ ಹನ್ನೊಂದಕ್ಕೆ ನೇರ ಏರಿದವರಿಗೆ ಹಿಂದಿರುಗಲು 10 ದಿನ ಅವಕಾಶವಿದೆ. ಆ ಹತ್ತು ದಿನದಲ್ಲಿ ಪ್ರಿಂಟ್, ಸ್ಕ್ಯಾನ್, ಡಿಜಿಟಲ್ ಸಹಿ, ಟ್ಯಾಲಿ ಎಲ್ಲವನ್ನೂ ಒಮ್ಮೆಯಾದರೂ ಬಳಸಿ ನೋಡಿ.

ವ್ಯವಸ್ಥೆಗಳು ಇನ್ನೂ ಬರುತ್ತವೆ, ಹೋಗುತ್ತವೆ. ಇನ್ನು ಕೆಲವು ವರ್ಷಕ್ಕೆ ಹನ್ನೊಂದರ ಅವಧಿಯೂ ಮುಗಿಯುತ್ತದೆ, ಇದೇ ಚರ್ಚೆ ಮತ್ತೆ ಏಳುತ್ತದೆ. ಅಷ್ಟರೊಳಗೆ ನಿಮ್ಮ ಕನ್ನಡ ಫೈಲುಗಳು ಯೂನಿಕೋಡ್‌ಗೆ ಬಂದಿದ್ದರೆ ಯಾವುದನ್ನು ಬೇಕಾದರೂ ಆರಿಸುವ ಸ್ವಾತಂತ್ರ್ಯ ನಿಮ್ಮದಾಗಿರುತ್ತದೆ. ವಿಂಡೋಸ್ ಬದಲಿಸುವುದನ್ನು ಬೇಕಾದರೆ ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ. ಫೈಲುಗಳ ಬ್ಯಾಕಪ್ ಮತ್ತು ಪರಿವರ್ತನೆಯನ್ನು ಮಾತ್ರ ಈ ವಾರವೇ ಶುರುಮಾಡಿ.